ರೊಟ್ಟಿಯ ಹಿಸ್ಸಾ

‘ಪಕ್ಕದವರ ಪಾಟಿ ನೋಡಿ ಬರೆಯಬೇಡಿ’ ಎಂದು ಮಕ್ಕಳಿಗೆ ಹೇಳುತ್ತ ಇಪ್ಪತ್ತೆಂಟು ವರ್ಷ ಕಳೆದವಳು ನಾನು. ‘ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ ಕಲಿಯಿರಿ’ ಎಂದೂ ಅದೇ ಬಾಯಿಂದ ಹೇಳಿದ್ದೇನೆ. ನೋಡಿ ಬರೆದರೆ ಕಳವು, ಕೇಳಿ ಕಲಿತರೆ ವಿದ್ಯೆ. ತರಗತಿಯಲ್ಲಿ ಈ ಎರಡರ ನಡುವಿನ ಗೆರೆ ಎಲ್ಲರಿಗೂ ಕಾಣುತ್ತದೆ. ತರಗತಿಯ ಹೊರಗೆ, ಅದರಲ್ಲೂ ದುಡ್ಡಿನ ಲೆಕ್ಕ ಬಂದಾಗ, ಅದು ಅಳಿಸಿಹೋದಂತೆ ಕಾಣುತ್ತದೆ. ಒಬ್ಬರಿಂದ ಕಲಿತ ವಿದ್ಯೆಯನ್ನು ಇನ್ನೊಬ್ಬರು ಬಂಡವಾಳ ಮಾಡಿಕೊಂಡು ಸಂಪಾದನೆಗೆ ಇಳಿದರೆ, ಕಲಿಸಿದವರಿಗೆ ಏನಾದರೂ ಸಲ್ಲಬೇಕೆ? ಸಲ್ಲಬೇಕಾದರೆ ಎಷ್ಟು? ನಮ್ಮ ಮನೆಯಲ್ಲೇ ಎದ್ದ ಪ್ರಶ್ನೆ ಇದು. ಹಾಗಾಗಿ ತಪ್ಪಿಸಿಕೊಳ್ಳಲು ಆಗಲಿಲ್ಲ.

ನನ್ನ ತಮ್ಮನ ಮಗಳು ಕಲಬುರಗಿಯಲ್ಲಿ ಎಂ.ಬಿ.ಎ. ಓದುತ್ತಿದ್ದಾಳೆ. ಅವಳ ವಿಶ್ವವಿದ್ಯಾಲಯದಲ್ಲಿ ಉದ್ಯಮಶೀಲತೆಯ ತರಬೇತಿಯೊಂದಿದೆ. ಹುಡುಗ ಹುಡುಗಿಯರು ತಮಗೆ ಹೊಳೆದ ಉದ್ಯೋಗದ ಕಲ್ಪನೆಯನ್ನು ತಂದು ಅಲ್ಲಿ ಹೇಳಬೇಕು. ಕೊಳ್ಳುವವರು ಯಾರು, ಖರ್ಚು ಎಷ್ಟು, ಉಳಿಯುವುದು ಎಷ್ಟು, ಬಿದ್ದರೆ ಏಳುವುದು ಹೇಗೆ ಎಂದೆಲ್ಲ ಅದನ್ನು ಒಂದು ಸೆಮಿಸ್ಟರ್ ಪೂರ್ತಿ ತಿದ್ದಿ ತೀಡುತ್ತಾರೆ. ಕೊನೆಗೆ ಬಲ್ಲವರ ಒಂದು ಸಮಿತಿಯ ಮುಂದೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಅವರಿಗೆ ಮೆಚ್ಚಿಗೆಯಾದ ಕಲ್ಪನೆಗೆ ಮೊದಲ ಬಂಡವಾಳಕ್ಕೆಂದು ಸ್ವಲ್ಪ ನೆರವು ಸಿಗುತ್ತದೆ. ನಮ್ಮ ಹುಡುಗಿಯ ಕಲ್ಪನೆ ಇಷ್ಟು: ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಹೈದರಾಬಾದು, ಪುಣೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಕಡೆಯ ಮಕ್ಕಳಿಗೆ ತಲುಪಿಸುವುದು.

ಕೇಳಿ ನನಗೆ ಸಂತೋಷವೇ ಆಯಿತು. ನಾರಾಯಣಪುರವೆಂದರೆ ಬಸವಕಲ್ಯಾಣದ ಮಗ್ಗುಲಲ್ಲಿರುವ ಊರು. ಚಾಲುಕ್ಯರ ಕಾಲದ ಶಿವಾಲಯ ನೋಡಲು ಆಗೀಗ ಯಾರಾದರೂ ಬರುತ್ತಾರೆ, ನೋಡಿ ಹೋಗುತ್ತಾರೆ. ಓದಿದ ಮಕ್ಕಳೂ ಹಾಗೆಯೇ, ಹಬ್ಬಕ್ಕೆ ಬರುತ್ತಾರೆ, ಹೋಗುತ್ತಾರೆ. ಒಬ್ಬಳಾದರೂ ಇಲ್ಲೇ ಏನೋ ಮಾಡುತ್ತೇನೆ ಎಂದಳಲ್ಲ!

ಅವಳು ರೊಟ್ಟಿ ಕಲಿತದ್ದು ನಮ್ಮ ಮನೆಯ ಹಿಂದಿರುವ ಆಯಿಯಿಂದ. ಆಯಿ ನಮಗೆ ರಕ್ತಸಂಬಂಧಿಯಲ್ಲ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದವು. ಮದುವೆ ಮನೆ, ಜಾತ್ರೆ, ಅಡುಗೆಯ ಕಟ್ಟಿಗೆ ಹಚ್ಚುವ ಯಾವ ಕಾರ್ಯವಿದ್ದರೂ ರೊಟ್ಟಿ ಬಡಿಯಲು ಅವಳನ್ನು ಕರೆಯುತ್ತಾರೆ. ಕಡಕ್ ರೊಟ್ಟಿ ಎಂದರೆ ಸುಮ್ಮನೆ ಒಣಗಿಸಿದ ರೊಟ್ಟಿಯಲ್ಲ ಎಂಬುದು ಮಾಡಿದವರಿಗೆ ಗೊತ್ತು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದು ಹಿಟ್ಟಿನ ಪಿಷ್ಟ ಬೆಂದಾಗಲೇ ಜಿಗಿ ಬರುವುದು. ಬೀಸಿ ಬಹಳ ದಿನವಾದ ಹಿಟ್ಟಾದರೆ ಬಡಿಯುವಾಗಲೇ ಅಂಚು ಒಡೆಯುತ್ತದೆ. ಎಲ್ಲ ಕಡೆ ಒಂದೇ ತೆಳುವು ಬರಬೇಕು. ಹಂಚಿನಿಂದ ಇಳಿಸಿ ಒಲೆಯ ಕಾವಿಗೆ ಒರಗಿಸಿಟ್ಟು ನೀರಿನ ಪಸೆ ಪೂರ್ತಿ ಆರಿಸಬೇಕು. ಆ ಪಸೆ ಚೂರು ಉಳಿದರೂ ವಾರದೊಳಗೆ ಬೂಷ್ಟು. ಆಯಿ ಇದನ್ನು ಬಾಯಿಯಿಂದ ಹೇಳಿದವಳಲ್ಲ. ಹುಡುಗಿಯನ್ನು ಎರಡು ರಜೆ ಪೂರ್ತಿ ಪಕ್ಕದಲ್ಲಿ ಕೂಡಿಸಿಕೊಂಡು, ಅವಳ ಕೈಮೇಲೆ ಕೈಯಿಟ್ಟು ಕಲಿಸಿದಳು.

ತರಬೇತಿಯವರು ಕೊಟ್ಟ ಅರ್ಜಿಯನ್ನು ತುಂಬಿ ಹುಡುಗಿ ನನಗೆ ತೋರಿಸಿದಳು. ಕನ್ನಡದಲ್ಲಿ ಒಂದು ಪ್ರತಿ ಮಾಡಿದ್ದಳು, ಕಾಗುಣಿತ ನೋಡಲಿಕ್ಕೆಂದು. ‘ಕಲ್ಪನೆ ಯಾರದು’ ಎಂಬಲ್ಲಿ ತನ್ನ ಹೆಸರು. ‘ಸಂಸ್ಥಾಪಕರು’ ಎಂಬಲ್ಲಿ ತನ್ನ ಹೆಸರು.

“ಇದರಾಗ ಆಯಿ ಎಲ್ಲಿ ಅದಾಳವ್ವ?” ಎಂದೆ.

“ಇಲ್ಲಿ ಅದಾಳಲ್ಲ ಅತ್ಯಾ, ಕಾರ್ಮಿಕರು ಇಬ್ಬರು ಅಂತ ಬರದೀನಲ್ಲ” ಎಂದು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು.

ಅವಳು ಮೋಸಗಾತಿಯಲ್ಲ. ಆಯಿಗೆ ಮದುವೆ ಮನೆಯವರು ಕೊಡುವುದಕ್ಕಿಂತ ಹೆಚ್ಚು ಕೂಲಿಯನ್ನೇ ಲೆಕ್ಕದಲ್ಲಿ ಹಿಡಿದಿದ್ದಳು. ನಾನು ಸುಮ್ಮನಿದ್ದದ್ದು ನೋಡಿ ಅವಳೇ ಮಾತು ತೆಗೆದಳು: “ಅತ್ಯಾ, ರೊಟ್ಟಿ ಈ ಓಣ್ಯಾಗ ಯಾರಿಗೆ ಬರಲ್ಲ ಹೇಳು? ಎಲ್ಲಾರಿಗೂ ಬರೋದು ನನ್ನ ಕಲ್ಪನಾ ಅಂತ ನಾ ಹೇಳ್ಲತ್ತಿಲ್ಲ. ಅದನ್ನ ಡಬ್ಬ್ಯಾಗ ಹಾಕಿ ಪುಣೆಕ್ಕ ಕಳಸೋದು ನನ್ನ ಕಲ್ಪನಾ. ಹಾಂಗಲ್ಲಂದ್ರ ಇಷ್ಟು ದಿನ ಯಾರೂ ಯಾಕ ಮಾಡಲಿಲ್ಲ?”

ಇದು ತಳ್ಳಿಹಾಕುವ ಮಾತಲ್ಲ. ಹೊಸ ಕೆಲಸಕ್ಕೆ ಕೈಹಾಕುವ ಎದೆಗಾರಿಕೆಯೂ ಒಂದು ವಿದ್ಯೆಯೇ. ವ್ಯಾಪಾರ ಹುಟ್ಟುಗುಣ, ಕಲಿಸಿ ಬರುವಂಥದ್ದಲ್ಲ ಎಂದು ನಮ್ಮ ಹಿರಿಯರು ನಂಬಿದ್ದರು. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲಾಂಡ್ ಅವರು ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಸಾಧಿಸುವ ಛಲವನ್ನು ಕಲಿಸಬಹುದೇ ಎಂದು ಪರೀಕ್ಷಿಸಿ ನೋಡಿದರು. ಕಲಿಸಬಹುದು ಎಂದು ಅವರಿಗೆ ಕಂಡುಬಂತು. ಆಮೇಲೆ 1982ರಲ್ಲಿ ನಮ್ಮ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಕೂಡಿ ನಿರುದ್ಯೋಗಿ ತರುಣರಿಗೆ ಸ್ವಂತ ಉದ್ಯೋಗ ಕಲಿಸಲು ಮಾಡಿದ ಸಂಸ್ಥೆ ಅದು. 1992ರಲ್ಲಿ ಧಾರವಾಡದಲ್ಲಿ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ ಬಂತು. 2000ದಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬ್ಯಾಂಕಿನ ಮೆಟ್ಟಿಲು ಹತ್ತಿದರು. 2016ರ ‘ಸ್ಟಾರ್ಟಪ್ ಇಂಡಿಯಾ’ ಆದಮೇಲೆ ಕಾಲೇಜು ಕಾಲೇಜಿನಲ್ಲೂ ಇದೇ ಮಾತು. ಇವೆಲ್ಲ ಇಲ್ಲದಿದ್ದರೆ ನನ್ನ ತಮ್ಮನ ಮಗಳಿಗೆ ಆ ಕಲ್ಪನೆ ಬಂದರೂ ಅದು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಆದರೆ ‘ಇಷ್ಟು ದಿನ ಯಾರೂ ಯಾಕೆ ಮಾಡಲಿಲ್ಲ’ ಎಂಬುದಕ್ಕೆ ಉತ್ತರವನ್ನು ಅಷ್ಟು ಬೇಗ ಕೊಟ್ಟುಬಿಡಬಾರದು. ಆಯಿಗೆ ಈ ವಿಚಾರ ಹೊಳೆದಿರಲಿಲ್ಲವೆ? ಪುಣೆಯಿಂದ ಬಂದವರು ಹೋಗುವಾಗ ಅವಳಿಂದಲೇ ಐವತ್ತು ರೊಟ್ಟಿ ಮಾಡಿಸಿಕೊಂಡು ಹಳೆ ಪಂಚೆಯಲ್ಲಿ ಕಟ್ಟಿಕೊಂಡು ಹೋಗುವುದನ್ನು ನಾನೇ ಕಂಡಿದ್ದೇನೆ. ರೊಟ್ಟಿ ದೂರ ಹೋಗುತ್ತದೆ, ಹೋದಲ್ಲಿ ಬೇಡಿಕೆಯಿದೆ ಎಂಬುದು ಅವಳಿಗೆ ನಮಗಿಂತ ಮೊದಲೇ ಗೊತ್ತು. ಗೊತ್ತಿಲ್ಲದ್ದು ಅರ್ಜಿ ತುಂಬುವುದು. ಇಲ್ಲದ್ದು ಸಾಲಕ್ಕೆ ಆಧಾರವಾಗಿ ತೋರಿಸುವ ಆಸ್ತಿ. ಎಂದೂ ಸಿಗದ್ದು ಒಂದು ತಿಂಗಳು ದುಡಿಯದೆ ಕುಳಿತು ವಿಚಾರ ಮಾಡುವ ಪುರುಸೊತ್ತು. ಅವಳ ಕಲ್ಪನೆ ಬಾಗಿಲು ತೆರೆಯದೆ ಒಳಗೇ ಉಳಿಯಿತು. ಹುಡುಗಿಯ ಕಲ್ಪನೆಗೆ ಬಾಗಿಲಿತ್ತು. ಬಾಗಿಲು ತೆರೆದವರಿಗೆ ಸಲ್ಲಬೇಕಾದ್ದು ಸಲ್ಲಲಿ. ಅದಕ್ಕೆಂದು ಒಳಗಿದ್ದದ್ದೆಲ್ಲ ಅವರದೇ ಆಗಿಬಿಡುತ್ತದೆಯೆ?

ಅರಿಸಿನದ ಕಥೆ ನಿಮಗೂ ನೆನಪಿರಬಹುದು. ಗಾಯಕ್ಕೆ ಅರಿಸಿನ ಹಚ್ಚಿದರೆ ಮಾಯುತ್ತದೆ ಎಂಬುದಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ 1995ರಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಸಿ.ಎಸ್.ಐ.ಆರ್., ಹಳೆಯ ಗ್ರಂಥಗಳ ಸಾಕ್ಷ್ಯ ಕೊಟ್ಟು ವಾದಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಆಗ ನಾವೆಲ್ಲ ಎಷ್ಟು ಹೆಮ್ಮೆಪಟ್ಟೆವು! ನಮ್ಮ ಅಜ್ಜಿಯರ ಅರಿವನ್ನು ಪರದೇಶದವರು ತಮ್ಮದೆಂದು ಬರೆಸಿಕೊಂಡರೆ ಅನ್ಯಾಯ ಎಂದೆವು. ಈಗ ನಮ್ಮ ದೇಶದ ಪೇಟೆಂಟ್ ಕಾಯ್ದೆಯೂ ಪಾರಂಪರಿಕ ಜ್ಞಾನವನ್ನು ಹೊಸ ಶೋಧವೆಂದು ಒಪ್ಪುವುದಿಲ್ಲ. ಸರಿ. ಪರದೇಶದವರು ಮಾಡಿದಾಗ ಅನ್ಯಾಯವಾದದ್ದು ನಮ್ಮ ಮನೆಯವರೇ ಹಿಂದಿನ ಮನೆಯ ಆಯಿಗೆ ಮಾಡಿದರೆ ಏನಾಗುತ್ತದೆ? ಹುಡುಗಿ ಪೇಟೆಂಟ್ ಕೇಳಿಲ್ಲ, ನಿಜ. ಆಯಿ ನಾಳೆ ಬೇರೆಯವರಿಗೂ ರೊಟ್ಟಿ ಬಡಿದುಕೊಡಬಹುದು, ಯಾರೂ ತಡೆಯುವುದಿಲ್ಲ. ಹಾಗಾಗಿ ಇದನ್ನು ಕಳವು ಎನ್ನಲಾರೆ. ಆದರೂ ‘ಕಲ್ಪನೆ ಯಾರದು’ ಎಂಬಲ್ಲಿ ಒಂದೇ ಹೆಸರು ಬರೆದದ್ದು ಪೂರ್ತಿ ಸತ್ಯವೂ ಅಲ್ಲ.

ಅರಿವು ಒಬ್ಬರದಲ್ಲ, ಊರಿನದು ಎಂದು ಒಪ್ಪುವ ಕಾಯ್ದೆಯೂ ಇದೆ. ಬೀದರಿನ ಬಿದರಿ ಕಲೆಗೆ, 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಸಿಕ್ಕ ಭೌಗೋಳಿಕ ಗುರುತು ಅಂಥದ್ದು. ಆ ಹೆಸರು ಯಾವ ಒಬ್ಬ ವ್ಯಾಪಾರಿಯ ಸ್ವತ್ತೂ ಅಲ್ಲ, ಆ ನೆಲದಲ್ಲಿ ಮಾಡುವವರೆಲ್ಲರದು. ಆದರೆ ಅದು ಹೆಸರಿಗೆ ಕಾವಲು ಅಷ್ಟೆ. ಬಂದ ಲಾಭದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ.

ನನ್ನ ಯೋಚನೆ ಒಂದು ಹಾದಿಗೆ ಬಂದದ್ದು ಹುಡುಗಿಯೇ ತಂದ ಕಾಗದಗಳನ್ನು ಓದಿದಾಗ. 2019ರಲ್ಲಿ ಕೇಂದ್ರ ಸರಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಒಂದು ನವೋದ್ಯಮ ನೀತಿ ಹೊರಡಿಸಿತು. ವಿದ್ಯಾರ್ಥಿ ಕಟ್ಟಿದ ಕಂಪನಿಯಲ್ಲಿ ವಿದ್ಯಾಸಂಸ್ಥೆಯು ಶೇಕಡಾ 2ರಿಂದ 9.5ರವರೆಗೆ ಪಾಲು ಪಡೆಯಬಹುದು ಎಂದು ಅದರಲ್ಲಿದೆ. ಸಂಸ್ಥೆಯ ಹೆಸರು ಬಳಸಿದ್ದಕ್ಕೆ, ಅಧ್ಯಾಪಕರು ಹೇಳಿಕೊಟ್ಟದ್ದಕ್ಕೆ, ಕೊಟ್ಟ ನೆರವಿಗೆ, ಸಂಸ್ಥೆಯ ಜ್ಞಾನವನ್ನು ಉಪಯೋಗಿಸಿಕೊಂಡದ್ದಕ್ಕೆ. ಓದಿ ನನಗೆ ಸಿಟ್ಟು ಬರಲಿಲ್ಲ, ನ್ಯಾಯವೆಂದೇ ಅನ್ನಿಸಿತು. ಕಲಿಸಿದವರಿಗೆ, ನೆರಳು ಕೊಟ್ಟವರಿಗೆ ಒಂದಿಷ್ಟು ಸಲ್ಲಬೇಕಾದ್ದೇ. ಆದರೆ ವಿಶ್ವವಿದ್ಯಾಲಯದ ಜ್ಞಾನಕ್ಕೆ ಪಾಲುಂಟು ಎಂದಾದರೆ ಒಲೆಯ ಮುಂದಿನ ಜ್ಞಾನಕ್ಕೆ ಕೂಲಿ ಮಾತ್ರ ಏಕೆ? ಒಬ್ಬರು ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟರು, ಇನ್ನೊಬ್ಬಳು ನೆಲದ ಮೇಲೆ ಕುಳಿತು ಹೇಳಿಕೊಟ್ಟಳು. ಇದಕ್ಕಿಂತ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ.

ಇಲ್ಲಿ ನೀವು ನನ್ನನ್ನೇ ಕೇಳಬಹುದು: ‘ಟೀಚರೇ, ನೀವೂ ಕಲಿಸಿದವರೇ. ನಿಮ್ಮ ಶಿಷ್ಯರ ಸಂಬಳದಲ್ಲಿ ನಿಮಗೆ ಪಾಲುಂಟೆ?’ ಇಲ್ಲ, ಬೇಡವೂ ಬೇಡ. ಕಲಿಸಿದ್ದಕ್ಕೆ ತಿಂಗಳು ತಿಂಗಳು ನನಗೆ ಸಂಬಳ ಬಂದಿದೆ, ನಾಳೆ ಪಿಂಚಣಿ ಬರುತ್ತದೆ. ನನ್ನ ಋಣ ಆಗಿಂದಾಗಲೇ ತೀರಿದೆ. ಆಯಿ ಕಲಿಸಿದ್ದಕ್ಕೆ ಯಾರೂ ಬಿಡಿಗಾಸು ಕೊಟ್ಟಿಲ್ಲ. ಅದೂ ಅಲ್ಲದೆ ನಾನು ಕಲಿಸಿದ ಅಕ್ಷರ ಹುಡುಗರು ಎಲ್ಲಿಗೋ ಒಯ್ದು ಏನಕ್ಕೋ ಬಳಸುತ್ತಾರೆ. ಆಯಿ ಕಲಿಸಿದ್ದೇ ಇಲ್ಲಿ ಮಾರಾಟದ ಸರಕು.

ಹಾಗಾದರೆ ಎಲ್ಲರೂ ಒಡತಿಯರೇ ಆಗಿಬಿಟ್ಟರೆ? ಅದಕ್ಕೂ ನಮ್ಮ ಮುಂದೆ ಉದಾಹರಣೆಯಿದೆ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಇವತ್ತಿನ ಲಿಜ್ಜತ್. ಅಲ್ಲಿ ಹಪ್ಪಳ ಲಟ್ಟಿಸುವ ಹೆಂಗಸು ಆಳಲ್ಲ, ಒಡತಿಯರಲ್ಲಿ ಒಬ್ಬಳು. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲೇ ಹೆಣ್ಣುಮಕ್ಕಳು ಸಹಕಾರ ಸಂಘ ಮಾಡಿಕೊಂಡು ‘ಕಲಬುರಗಿ ರೊಟ್ಟಿ’ ಎಂದು ಹೆಸರು ಮಾಡಿದ್ದಾರೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆಂದು 2025ರ ಜೂನ್ ತಿಂಗಳಲ್ಲಿ ಪ್ರಧಾನಿಯವರು ರೇಡಿಯೋದ ‘ಮನ್ ಕೀ ಬಾತ್’ನಲ್ಲಿ ಹೇಳಿದರು. ಇದನ್ನು ಹುಡುಗಿಗೆ ಹೇಳಿದಾಗ ಅವಳು ಕೇಳಿದ್ದೂ ಸರಿಯಾಗಿಯೇ ಇತ್ತು: “ಸಂಘ ಮಾಡ್ಲಿಕ್ಕ ಜನ ಬೇಕಲ್ಲ ಅತ್ಯಾ? ಈಗ ನಾವು ಇರೋದು ಮೂರೇ ಮಂದಿ. ಸಾಲ ನನ್ನ ಹೆಸರಲೆ ಬರ್ತದ. ಮುಳುಗಿದ್ರ ನಾನೇ ಮುಳುಗಬೇಕು.”

ಹೌದು, ಹೊಣೆ ಹೊರುವವರಿಗೆ ಹೆಚ್ಚು ಸಲ್ಲಬೇಕು. ಒಂದು ಉದ್ಯೋಗದಲ್ಲಿ ಮೂರು ಸಂಗತಿ ಕೂಡಿರುತ್ತವೆ ಎಂದು ನನಗೆ ಅನ್ನಿಸುತ್ತದೆ. ಅರಿವು ಒಂದು, ದುಡಿಮೆ ಒಂದು, ಹೊಣೆ ಒಂದು. ಮೂರೂ ಒಬ್ಬರದೇ ಆದಾಗ ತಂಟೆಯಿಲ್ಲ. ಬೇರೆ ಬೇರೆಯವರದಾದಾಗ ದುಡಿಮೆಗೆ ಕೂಲಿ ಕೊಡುತ್ತೇವೆ, ಹೊಣೆಗೆ ಲಾಭ ಎನ್ನುತ್ತೇವೆ, ಅರಿವನ್ನು ಮಾತ್ರ ಗಾಳಿ ಬೆಳಕಿನಂತೆ ಪುಕ್ಕಟೆ ಎಂದುಕೊಳ್ಳುತ್ತೇವೆ. ಅದರಲ್ಲೂ ಹೆಂಗಸರ ಅರಿವನ್ನು. ಅಡುಗೆ, ಬಾಣಂತನ, ಹಸೆ, ಕೌದಿ ಇವೆಲ್ಲ ‘ಬರುತ್ತವೆ’ ಎನ್ನುತ್ತೇವೆಯೆ ಹೊರತು ‘ಕಲಿತದ್ದು’ ಎನ್ನುವುದಿಲ್ಲ. ತಾನಾಗಿ ಬಂದದ್ದಕ್ಕೆ ಬೆಲೆ ಯಾರು ಕಟ್ಟುತ್ತಾರೆ?

ಕಲ್ಯಾಣದ ನೆಲದಲ್ಲಿದ್ದು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದೆ ಈ ಲೆಕ್ಕ ಮುಗಿಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಕಥೆ. ಹುಡುಗಿಯ ತರಬೇತಿಯಲ್ಲಿ ಇದರ ತದ್ವಿರುದ್ಧ ಪಾಠ: ಈ ವರ್ಷ ಇಷ್ಟು, ಮುಂದಿನ ವರ್ಷ ಅದರ ಹತ್ತರಷ್ಟು. ಲಕ್ಕಮ್ಮನ ಮಾತನ್ನು ಹಾಗೆಯೇ ವ್ಯಾಪಾರಕ್ಕೆ ಹಚ್ಚಲು ಬರುವುದಿಲ್ಲ ಎಂಬುದು ನನಗೂ ಗೊತ್ತು. ವ್ಯಾಪಾರ ಬೆಳೆಯದಿದ್ದರೆ ಆಯಿಗೆ ವರ್ಷವಿಡೀ ಕೆಲಸವೆಲ್ಲಿಂದ ಬರಬೇಕು? ಆದರೆ ಲಕ್ಕಮ್ಮ ಬೆಳೆಯಬೇಡ ಎನ್ನಲಿಲ್ಲ. ತಂದ ಅಕ್ಕಿಯಲ್ಲಿ ನಮ್ಮದೆಷ್ಟು, ನಮ್ಮದಲ್ಲದ್ದು ಎಷ್ಟು ಎಂದು ಕೇಳಿದಳು. ಎಷ್ಟೇ ದೊಡ್ಡ ವ್ಯಾಪಾರವಾದರೂ ಆ ಪ್ರಶ್ನೆಯನ್ನು ಕೇಳಲು ಬರುತ್ತದೆ.

ಇಷ್ಟೆಲ್ಲ ನಾವಿಬ್ಬರೇ ಮಾತಾಡುತ್ತಿದ್ದೆವು. ಆಯಿಯನ್ನು ಕೇಳಿಯೇ ಇರಲಿಲ್ಲವಲ್ಲ! ಒಂದು ಸಂಜೆ ಅವಳನ್ನು ಕರೆದು, ಕೂಲಿಯ ಮೇಲೆ ಲಾಭದಲ್ಲಿ ಒಂದು ಹಿಸ್ಸಾ ಕೊಟ್ಟರೆ ಹೇಗೆ ಎಂದು ಬಿಡಿಸಿ ಹೇಳಿದೆವು. ನಮ್ಮ ಕಡೆ ಪಾಲಿಗೆ ಹಿಸ್ಸಾ ಎಂದೇ ಅನ್ನುವುದು. ಅವಳು ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಕೈ ಒರಸಿಕೊಂಡು ಕೇಳಿದಳು: “ಟೀಚರಮ್ಮ, ಲುಕ್ಸಾನ ಆದ್ರ ಅದರಾಗೂ ನಂಗ ಹಿಸ್ಸಾ ಬರ್ತದೇನು?”

ಎಂ.ಬಿ.ಎ. ಓದುವವಳೂ ಬಿ.ಎ., ಬಿ.ಎಡ್. ಓದಿದವಳೂ ಮುಖ ಮುಖ ನೋಡಿಕೊಂಡೆವು. ನಾವು ಕೊಡುವ ಕೈಯ ಲೆಕ್ಕ ಹಾಕುತ್ತಿದ್ದೆವು. ಅವಳು ತನ್ನ ಜೀವನದ ಲೆಕ್ಕ ಹಾಕಿದಳು. ಒಂದು ಎಕರೆಯೂ ಇಲ್ಲದ ಹೆಂಗಸಿಗೆ ಪಾಲುದಾರಿಕೆ ಎಂಬ ಗೌರವ ಕೊಟ್ಟು, ಅದರ ಜೊತೆಗೆ ನಷ್ಟವನ್ನೂ ಕಟ್ಟಿಬಿಟ್ಟರೆ ಅದು ನ್ಯಾಯವೆ? ಹೊರಲಾರದ ಹೊಣೆಯನ್ನು ಹಿಸ್ಸಾ ಎಂದು ಕೊಡುವುದಕ್ಕಿಂತ ಕೂಲಿಯೇ ಮೇಲು.

ನಮ್ಮ ಮೈದುನ ವಕೀಲರು. ಅವರನ್ನು ಕೇಳಿದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಕೆಲಸಗಾರರಿಗೆ ಸಂಬಳದ ರೂಪದಲ್ಲಿ ಲಾಭದ ಒಂದು ಭಾಗ ಕೊಟ್ಟ ಮಾತ್ರಕ್ಕೆ ಅವರು ಪಾಲುದಾರರಾಗಿಬಿಡುವುದಿಲ್ಲ, ಸಾಲ ಅವರ ತಲೆಗೆ ಬರುವುದಿಲ್ಲ, ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು ಎಂದರು. ಅಂದರೆ ಲಾಭದಲ್ಲಿ ಹಿಸ್ಸಾ ಕೊಟ್ಟು ನಷ್ಟದಲ್ಲಿ ಕೊಡದಿರಲು ದಾರಿಯಿದೆ. ‘ಲಾಭಕ್ಕೆ ಬರುವವಳು ನಷ್ಟಕ್ಕೂ ಬರಬೇಡವೆ’ ಎಂದು ವ್ಯಾಪಾರ ಬಲ್ಲವರು ಕೇಳಬಹುದು. ಅವಳು ತನ್ನ ಪಾಲನ್ನು ಮೊದಲೇ ಹಾಕಿದ್ದಾಳೆ ಎಂಬುದು ನನ್ನ ಉತ್ತರ. ನಲವತ್ತು ವರ್ಷ ಹೊಗೆ ಕುಡಿದು ಕಲಿತದ್ದನ್ನು ಎರಡು ರಜೆಯಲ್ಲಿ ಕೊಟ್ಟುಬಿಟ್ಟಳು. ವ್ಯಾಪಾರ ಮುಳುಗಿದರೂ ಹುಡುಗಿಯ ಕೈಯಲ್ಲಿ ಆ ವಿದ್ಯೆ ಉಳಿಯುತ್ತದೆ, ಎಂ.ಬಿ.ಎ. ಉಳಿಯುತ್ತದೆ, ಇನ್ನೊಂದು ಕಡೆ ನೌಕರಿ ಸಿಗುತ್ತದೆ. ಆಯಿಗೆ ಅದೇ ಮದುವೆ ಮನೆಯ ಕೂಲಿ. ಬಿದ್ದರೆ ಏಳುವ ಶಕ್ತಿ ಇದ್ದವರು ನಷ್ಟ ಹೊರಬೇಕು. ಇಲ್ಲದವರನ್ನು ಅದರಿಂದ ಬಿಟ್ಟುಬಿಡಬೇಕು. ಇದನ್ನು ನಾನು ದಯೆ ಎನ್ನಲಾರೆ, ಲೆಕ್ಕವೇ ಎನ್ನುತ್ತೇನೆ.

ಹುಡುಗಿ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದಳು. ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿದರೆ ಸಮಿತಿಯವರಿಗೆ ತೋರಿಸುವ ಲಾಭ ಇಳಿಯುತ್ತದಲ್ಲ! ಆಮೇಲೆ ತಾನಾಗಿಯೇ ಪಟ್ಟಿ ತಿದ್ದಿದಳು. ಆಯಿಗೆ ದಿನದ ಕೂಲಿ ನಿಶ್ಚಿತ. ವರ್ಷದ ಕೊನೆಗೆ ಲಾಭ ಬಂದರೆ ಅದರಲ್ಲಿ ಇಷ್ಟು ಎಂದು ಹಿಸ್ಸಾ. ಸಾಲದ ಕಾಗದಕ್ಕೆ ಅವಳ ಹೆಬ್ಬೆಟ್ಟು ಬೇಡ. ಹಿಸ್ಸಾ ಎಷ್ಟೆಂಬುದರಲ್ಲಿ ನಾವಿಬ್ಬರೂ ಇನ್ನೂ ಒಪ್ಪಿಲ್ಲ. ಕಲಿಸಿದ್ದಕ್ಕೆ ವಿಶ್ವವಿದ್ಯಾಲಯ ಎಷ್ಟು ಕೇಳುತ್ತದೋ ಅದಕ್ಕಿಂತ ಒಂದು ಕಾಳೂ ಕಡಿಮೆಯಾಗಬಾರದು ಎಂಬುದು ನನ್ನ ಹಟ. ಅರ್ಜಿಯಲ್ಲಿ ‘ಕಲ್ಪನೆ ಯಾರದು’ ಎಂಬಲ್ಲಿ ಎರಡನೆಯ ಹೆಸರು ಬರೆಯಲು ಜಾಗವಿಲ್ಲವಂತೆ. ಅಂಚಿನಲ್ಲಿ ಬರೆ ಎಂದಿದ್ದೇನೆ. ಅಂಚು ಇರುವುದೇ ಬಿಟ್ಟುಹೋದದ್ದನ್ನು ಸೇರಿಸಲಿಕ್ಕೆ ಎಂದು ಒಂದನೆಯ ತರಗತಿಯಿಂದ ಮಕ್ಕಳಿಗೆ ಹೇಳಿಕೊಟ್ಟವಳು ನಾನು.